ಗುಬ್ಬಿಯಿಂದ ಬರುವಾಗ ತೇಲುತ್ತಿದ್ದ ಕಾರು

ಕಾರಿನ ಬಣ್ಣ ಕಡುಗೆಂಪು ಎಂದು ನನ್ನ ನೆನಪು. ಅಮ್ಮ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಹಸಿರು, ಅದೂ ಎಳೆ ವೀಳ್ಯದೆಲೆಯ ಹಸಿರು ಎಂದು ವಾದಿಸುತ್ತಿದ್ದಳು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೆಂಗಳೂರಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತ ಎರಡನೇ ವರ್ಷದಲ್ಲಿದ್ದೆನೋ ಮೂರನೆಯದರಲ್ಲೋ, ಅದೂ ಅನುಮಾನವೇ. ದಿನಚರಿ ಬರೆಯುವ ಅಭ್ಯಾಸ ಆಗಲೇ ಇತ್ತು. ಆದರೆ ಆ ವಾರದ ಪುಟಗಳನ್ನು ತೆಗೆದು ನೋಡಿದರೆ ಹಲ್ಲುನೋವಿನ ವಿಚಾರ ಬಿಟ್ಟು ಬೇರೇನೂ ಇಲ್ಲ. ಖುಷಿಯಲ್ಲಿದ್ದಾಗ ನಾನು ಬರೆಯಲು ಕೂರುತ್ತಿರಲಿಲ್ಲ ಎಂದು ಕಾಣುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಮನೆಯವರೆಲ್ಲ ಊಟಕ್ಕೆ ಕೂತಾಗ ಹೇಳಿ ಹೇಳಿ ಬೆಳೆದದ್ದು ಎಂದು ಪ್ರಮಾಣ ಮಾಡಿ ಹೇಳಲಾರೆ. ಆ ಸ್ಟೇರಿಂಗ್ ಚಕ್ರ ನನ್ನ ಅಂಗೈಗೆ ಹೇಗಿತ್ತು ಎಂಬುದೊಂದು ಮಾತ್ರ ಈಗಲೂ ಸ್ಪಷ್ಟ. ಕೈಯ ನೆನಪು ಕಣ್ಣಿನ ನೆನಪಿಗಿಂತ ಹೆಚ್ಚು ನಂಬಬಹುದಾದದ್ದೇ? ಅದೂ ಗೊತ್ತಿಲ್ಲ.

ಕಾರು ನನ್ನ ಚಿಕ್ಕಪ್ಪನದು. ಅವನು ಅಪ್ಪನ ಕೊನೆಯ ತಮ್ಮ, ತುಮಕೂರಿನ ಕೋರ್ಟಿನಲ್ಲಿ ವಕೀಲ. ಮದುವೆಯಾಗಿರಲಿಲ್ಲ. ಶೆಟ್ಟಿಹಳ್ಳಿ ಕಡೆಯ ನಮ್ಮ ಮನೆಯಲ್ಲೇ ಇದ್ದ. ಕುಣಿಗಲ್ಲಿನಲ್ಲಿ ರೇಸಿನ ಕುದುರೆ ಪಳಗಿಸುತ್ತಿದ್ದ ಇಂಗ್ಲೆಂಡಿನವನೊಬ್ಬ ಊರು ಬಿಟ್ಟು ಹೊರಡುವಾಗ ತನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಇವನಿಗೆ ಕೊಟ್ಟು ಹೋಗಿದ್ದ. ಉದ್ದನೆಯ ಮೂಗು, ಮೇಲೆ ಚಾವಣಿ ಇಲ್ಲ, ಬಾಗಿಲು ಮೊಣಕಾಲಿನಷ್ಟು ಎತ್ತರ. ಒಳಗೆ ಕೂತರೆ ಎದುರು ಬರುವ ಎತ್ತಿನಗಾಡಿಯ ಅಚ್ಚು ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಎತ್ತುಗಳು ನಮ್ಮನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದವು. ಅಪ್ಪನ ದೊಡ್ಡ ಕಾರು ಓಡುವ ವೇಗ ಈ ಕಾರಿಗೆ ನಡಿಗೆ.

ಆದರೆ ಚಿಕ್ಕಪ್ಪನ ಹೆಮ್ಮೆ ವೇಗದ ಬಗ್ಗೆ ಆಗಿರಲಿಲ್ಲ, ಸ್ಟೇರಿಂಗಿನ ಬಗ್ಗೆ. "ಈ ಗಾಡಿ ಮಾತಾಡುತ್ತೆ ಕಣೇ. ಟೈರ್ ಕೆಳಗೆ ಒಂದು ಹುಣಸೆಬೀಜ ಸಿಕ್ರೂ ನನ್ ಬೆರಳಿಗೆ ಬಂದು ಹೇಳುತ್ತೆ" ಎನ್ನುತ್ತಿದ್ದ.

ಆ ವರ್ಷ ಅವನಿಗೆ ಟೈಫಾಯ್ಡ್ ಬಂತು. ಬಹಳ ದಿನ ಮಲಗಿದ. ಎದ್ದಾಗ ಅರ್ಧ ಆಳಾಗಿದ್ದ. ಎಲ್ಲ ನಿಧಾನವಾಗಿ ಸರಿಹೋಯಿತು, ಬೆರಳ ತುದಿ ಮಾತ್ರ ಜೋಮು ಹಿಡಿದಂತೆ ಇದೆ ಎನ್ನುತ್ತಿದ್ದ. ಡಾಕ್ಟರು, ಹೋಗುತ್ತೆ, ಸ್ವಲ್ಪ ಕಾಲ ಬೇಕು ಎಂದಿದ್ದರು. ನಾನು ರಜೆಗೆ ಬಂದ ದಿನ ಅವನು ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು. ಕೆದಕಿ ಕೇಳಿದಾಗ ಹೇಳಿದ.

"ಸ್ಟೇರಿಂಗ್ ಸುಮ್ನಾಗಿಬಿಟ್ಟಿದೆ. ತಿರುಗಿಸಿದ್ರೆ ತಿರುಗುತ್ತೆ. ಆದ್ರೆ ಸ್ವಲ್ಪ ಯೋಚ್ನೆ ಮಾಡಿ ತಿರುಗುತ್ತೆ. ನೆಟ್ಟಗೆ ಹೋಗ್ತಾ ಇದ್ರೆ ತೇಲಿದ ಹಾಗೆ. ನೀರ್ನಲ್ಲಿ ದೋಣಿ ನೋಡು, ಹಾಗೆ."

"ರಿಪೇರಿ ಮಾಡಿಸು."

"ಮಾರಿಬಿಡ್ತೀನಿ" ಎಂದ. ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಭಾನುವಾರ ಕಾರು ನೋಡಲು ಬರುವವನಿದ್ದ. ನಾನು ಹೌಹಾರಿದೆ. ರಿಪೇರಿ ಮಾಡಿಸದೆ ಯಾಕೆ ಮಾರಬೇಕು? ಚಿಕ್ಕಪ್ಪ ತನ್ನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡು, "ಕೆಟ್ಟಿರೋದು ಗಾಡಿ ಆದ್ರೆ ರಿಪೇರಿ ಮಾಡಿಸ್ಬೋದು. ಕೈಯೇ ಕೆಟ್ಟಿದ್ರೆ?" ಎಂದ.

ಆಗ ಅರ್ಥವಾಯಿತು. ಅವನು ಇನ್ನು ಮುಂದೆ ಇಂಥ ಕಾರು ಓಡಿಸಬಲ್ಲನೋ ಇಲ್ಲವೋ ಎನ್ನುವುದೇ ಪ್ರಶ್ನೆಯಾಗಿತ್ತು. ಕಾರನ್ನು ಮಾರಿಬಿಟ್ಟರೆ ಆ ಪ್ರಶ್ನೆಗೆ ಉತ್ತರ ಹುಡುಕುವ ಗೋಜೇ ಇರುವುದಿಲ್ಲ. ನನಗೋ ಇಪ್ಪತ್ತರ ಆಸುಪಾಸಿನ ವಯಸ್ಸು, ಕಾಲೇಜಿನಲ್ಲಿ ಬಲ, ಭ್ರಮಣ ಎಂದೆಲ್ಲ ಓದಿ ತಲೆ ಬಿಸಿಯಾಗಿತ್ತು. ಭಾನುವಾರದೊಳಗೆ ಇದನ್ನು ಕಂಡುಹಿಡಿದೇ ತೀರುತ್ತೇನೆ ಎಂದು ಮೈಮೇಲೆ ಬಂದವಳ ಹಾಗೆ ಕುಣಿದೆ.

ಮಾರನೆಯ ಬೆಳಗ್ಗೆಯೇ ಅವನನ್ನು ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿಗೆ ಎಳೆದುಕೊಂಡು ಹೋದೆ. ಅಲ್ಲಿನ ಮೇಸ್ತ್ರಿಯನ್ನು ಊರೆಲ್ಲ ಸಾಬರು ಎಂದೇ ಕರೆಯುತ್ತಿತ್ತು. ಲಾರಿ, ಬಸ್ಸುಗಳ ನಡುವೆ ನಮ್ಮ ಕಾರು ನುಗ್ಗಿದಾಗ ಅವರು, "ಬಂದ್ರಾ ಸ್ವಾಮಿ? ಏನಂತಾಳೆ ಮಹಾರಾಣಿ?" ಎಂದರು.

"ಏನೂ ಅಂತಿಲ್ಲ ಸಾಬ್ರೇ. ಅದೇ ತೊಂದ್ರೆ."

ಸಾಬರು ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ತೂರಿದರು. ಚಿಕ್ಕಪ್ಪ ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಒಂದಿಷ್ಟೇ ಅಲ್ಲಾಡಿಸಬೇಕು, ಕೆಳಗಿನಿಂದ ಅವರು ಯಾವ ಕೀಲು ತಡವಾಗಿ ಕದಲುತ್ತದೆ ಎಂದು ನೋಡಬೇಕು. "ಇನ್ನೂ ಮೆಲ್ಲಗೆ ಸ್ವಾಮಿ. ಮಗು ತೊಟ್ಲು ತೂಗೋ ಹಾಗೆ." ನಾನೂ ಸೀರೆ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಸ್ಟೇರಿಂಗ್ ತಿರುಗಿಸಿದರೂ ಒಂದು ಕೂದಲೆಳೆಯಷ್ಟು ಹೊತ್ತು ಮುಂದಿನ ಟೈರು ಕದಲುತ್ತಿರಲಿಲ್ಲ. "ಸಿಕ್ತು!" ಎಂದು ಕೂಗಿದೆ. "ಇಷ್ಟು ಆಟ ಹೊಸ ಗಾಡೀಗೂ ಇರುತ್ತಮ್ಮ" ಎಂದು ಸಾಬರು ನಕ್ಕರು. ಆದರೂ ಒಂದು ಕೀಲು ಸವೆದಿತ್ತು, ಬದಲಾಯಿಸಿದರು. ಇನ್ನೊಂದನ್ನು ಬಿಗಿ ಮಾಡಿದರು. ಗ್ರೀಸ್ ತುಂಬಿದರು. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು ಕಟ್ಟಿ, ಎರಡೂ ಮುಂದಿನ ಚಕ್ರಗಳು ಒಂದೇ ಕಡೆ ಮುಖ ಮಾಡಿವೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಗಾಳಿ ಪರೀಕ್ಷಿಸಿದರು. ಆಮೇಲೆ ತಾವೇ ಒಂದು ಸುತ್ತು ಓಡಿಸಿಕೊಂಡು ಬಂದರು.

"ಬೆಣ್ಣೆ ಸ್ವಾಮಿ, ಬೆಣ್ಣೆ. ಈಗ ಏನಾದ್ರೂ ತಕರಾರು ಅಂದ್ರೆ ನಿಮ್ದೇ ತಕರಾರು."

ತಮಾಷೆಗೆ ಅಂದದ್ದು. ಚಿಕ್ಕಪ್ಪನ ಮುಖ ಮಾತ್ರ ಒಂದು ಕ್ಷಣ ಸಪ್ಪಗಾಯಿತು.

ಅಲ್ಲಿಂದ ಮನೆಗೆ ಹೋಗದೆ ನೇರ ಕುಣಿಗಲ್ ರಸ್ತೆ ಹಿಡಿದೆವು. ಆ ಓಟವನ್ನು ಹೇಗೆ ಬರೆಯಲಿ! ಊರು ದಾಟಿದ ಮೇಲೆ ಚಿಕ್ಕಪ್ಪ ಕಾಲು ಒತ್ತಿದ. ಎಂಜಿನ್ನಿನ ದನಿ ಗೊಗ್ಗರಿನಿಂದ ಏರಿ ಏರಿ ಹಾಡಿನ ಹಾಗಾಯಿತು. ನನ್ನ ಜಡೆ ಬಿಚ್ಚಿಹೋಗಿ ಬಾಯಿಗೆ ಹೊಡೆಯುತ್ತಿತ್ತು. ತಿರುವು ಬಂದಾಗಲೆಲ್ಲ ಕಾರು ರಸ್ತೆಯನ್ನು ಕಚ್ಚಿಕೊಂಡು ಸರ್ರನೆ ತಿರುಗುತ್ತಿತ್ತು. ಕುಣಿಗಲ್ಲಿನ ಹತ್ತಿರ ಬೇಲಿಯಾಚೆ ಮೇಯುತ್ತಿದ್ದ ಕುದುರೆಗಳು ತಮ್ಮ ಹಳೆಯ ಪರಿಚಯದ ಸದ್ದು ಕೇಳಿದಂತೆ ಕಿವಿ ನಿಮಿರಿಸಿ ನಮ್ಮ ಜೊತೆ ಒಂದಷ್ಟು ದೂರ ಓಡಿದವು. ಓಡಿದವೇ? ಓಡಿದವು ಎಂದೇ ನನ್ನ ನೆನಪು. ಓಡದಿದ್ದರೆ ಆ ದಿನಕ್ಕೆ ಅನ್ಯಾಯವಾಗುತ್ತದೆ. ಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಿ ಚಿಕ್ಕಪ್ಪ ಸ್ಟೇರಿಂಗನ್ನು ಪಟಪಟನೆ ತಟ್ಟಿದ. "ಮಾತಾಡ್ತಿದೆ ಕಣೇ! ಕೇಳುಸ್ತಾ ಇದೆ ನಂಗೆ!"

ಹಿಂದಿರುಗುವಾಗಲೂ ಹಾಗೇ. ಗೆದ್ದೆವು ಎಂದುಕೊಂಡೆವು.

ಎರಡು ದಿನ ಬಿಟ್ಟು ಗುಬ್ಬಿಗೆ ಹೋದೆವು. ಗುಬ್ಬಿಯ ಆಚೆ ನಮ್ಮ ತೆಂಗಿನ ತೋಟ. ಅಲ್ಲಿ ದೊಡ್ಡಪ್ಪನ ಸಂಸಾರದ ಜೊತೆ ಅಜ್ಜಿ ಇದ್ದಳು, ಚಿಕ್ಕಪ್ಪನ ತಾಯಿ. ಜ್ವರ ಬಿಟ್ಟ ಮೇಲೆ ಮಗ ವಾರಕ್ಕೊಮ್ಮೆಯಾದರೂ ಬಂದು ಮುಖ ತೋರಿಸಬೇಕೆಂದು ಅವಳ ಕಟ್ಟಪ್ಪಣೆ. ಹೋಗುವಾಗ ಕಾರು ಕುಣಿಗಲ್ ರಸ್ತೆಯಲ್ಲಿ ಓಡಿದ ಹಾಗೆಯೇ ಓಡಿತು. ಊಟ ಮಾಡಿ, ಹರಟೆ ಹೊಡೆದು ಸಂಜೆ ಹೊರಟೆವು. ಊರು ದಾಟಿ ಎರಡೂ ಕಡೆ ಹುಣಸೆಮರಗಳಿದ್ದ ನೇರ ರಸ್ತೆಗೆ ಬಂದು ಚಿಕ್ಕಪ್ಪ ವೇಗ ಹೆಚ್ಚಿಸಿದ. ನಾನು ಏನೋ ಹೇಳಲು ತಿರುಗಿದೆ. ಅವನ ತುಟಿ ಬಿಗಿದಿತ್ತು. ಕೈಗಳು ಸ್ಟೇರಿಂಗನ್ನು ಅತ್ತಿತ್ತ ಸಣ್ಣಗೆ ತಿದ್ದುತ್ತಲೇ ಇದ್ದವು. ಕಾರಿನ ಮೂಗು ಮಾತ್ರ ತನ್ನ ಪಾಡಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆಯುತ್ತಿತ್ತು.

ಒಂದು ಮರದ ಕೆಳಗೆ ನಿಲ್ಲಿಸಿದ. ಬೆರಳುಗಳನ್ನು ಬಿಚ್ಚಿ ನೋಡಿಕೊಂಡ.

"ಗಾಡಿ ಅಲ್ಲ ಕಣೇ. ನಾನೇ. ಸಾಯಂಕಾಲ ಆಗ್ತಿದ್ದ ಹಾಗೆ ಕೈ ಸೋತೋಗುತ್ತೆ."

"ಕುಣಿಗಲ್ಲಿಂದ ಬರುವಾಗ್ಲೂ ಸಾಯಂಕಾಲವೇ ಆಗಿತ್ತಲ್ಲ?"

"ಅವತ್ತು ಖುಷಿ ಇತ್ತು. ಅಷ್ಟೆ."

ಮನೆ ಮುಟ್ಟಿದ ಮೇಲೆ ಮತ್ತೆ ಸಾಬರ ಬಳಿ ಓಡಿದೆವು. ಅವರು ಎಲ್ಲ ಕೇಳಿ, "ಗಾಡಿಯಲ್ಲಿ ಲೋಡ್ ಏನಾದ್ರೂ ಇತ್ತಾ?" ಎಂದರು.

"ಏನೂ ಇಲ್ಲ. ನಾನು, ಇವಳು, ಅಷ್ಟೇ" ಎಂದ ಚಿಕ್ಕಪ್ಪ. "ಪೂರ್ತಿ ಖಾಲಿ ಸಾಬ್ರೇ" ಎಂದು ನಾನೂ ದನಿಗೂಡಿಸಿದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೇವೆಂದು ನಂಬಿದ್ದೆವು.

"ಹಾಗಾದ್ರೆ ಗಾಳಿ. ಪಡುವಣ ಗಾಳಿ ಹಿಂದಿಂದ ಬೀಸಿದ್ರೆ ಇಂಥ ಹಗುರ ಗಾಡಿ ತೇಲುತ್ತೆ" ಎಂದು ಸಾಬರು ತೀರ್ಪು ಕೊಟ್ಟರು. ನನಗೆ ಅದು ಬಹಳ ವೈಜ್ಞಾನಿಕವಾಗಿ ಕಂಡಿತು. ಆದರೆ ಮರುದಿನ ಒಂದು ಎಲೆಯೂ ಅಲ್ಲಾಡದ ಸೆಖೆ. ಪುನಃ ಗುಬ್ಬಿಗೆ ಹೋಗಿಬಂದೆವು. ಹೋಗುವಾಗ ಬೆಣ್ಣೆ. ಬರುವಾಗ ದೋಣಿ.

ಈಗ ನನಗೆ ನಿಜವಾದ ಹುರುಪು ಹತ್ತಿತು. ಒಂದೇ ಕಾರು, ಒಂದೇ ರಸ್ತೆ, ಒಂದೇ ಕೈ. ಹೋಗುವಾಗ ಒಂದು ಥರ, ಬರುವಾಗ ಒಂದು ಥರ. ಇಂಥ ಲೆಕ್ಕ ನಮ್ಮ ಪ್ರೊಫೆಸರು ಕೊಟ್ಟಿದ್ದರೆ ಕೈಮುಗಿಯುತ್ತಿದ್ದೆ. ರಸ್ತೆ ಒಂದು ಬದಿಗೆ ಇಳಿಜಾರೋ? ಕಣ್ಣಿಗೆ ಬಿಸಿಲೋ? ಬರುವಾಗ ಬಿಸಿಲು ಬೆನ್ನಿಗಿರುತ್ತದೆ. ಅಜ್ಜಿ ಬಡಿಸಿದ ಒಬ್ಬಟ್ಟು ತಿಂದು ಚಿಕ್ಕಪ್ಪನಿಗೆ ತೂಕಡಿಕೆಯೋ? ಒಬ್ಬಟ್ಟಿಲ್ಲದ ದಿನವೂ ತೇಲಿತ್ತು. ಉಳಿದದ್ದು ಅವನ ಕೈ ಒಂದೇ. ಅದನ್ನು ಪರೀಕ್ಷಿಸುವ ದಾರಿ ಸುಲಭವಾಗಿತ್ತು.

"ಇವತ್ತು ಗುಬ್ಬಿಯಿಂದ ಬರುವಾಗ ನಾನು ಓಡಿಸ್ತೀನಿ."

ಅಪ್ಪನ ಕಾರಿನಲ್ಲಿ ನಾನು ಡ್ರೈವಿಂಗ್ ಕಲಿತಿದ್ದೆ, ಲೈಸೆನ್ಸೂ ಇತ್ತು. ಆದರೆ ಈ ಕಾರಿನ ಬಲಗಡೆಯ ಸೀಟಿನಲ್ಲಿ ಚಿಕ್ಕಪ್ಪ ಯಾರನ್ನೂ ಕೂರಿಸಿರಲಿಲ್ಲ. ಕೊನೆಗೆ ತೋಟದ ಗೇಟಿನ ಹೊರಗೆ ಕೀಲಿಕೈ ನನ್ನ ಮಡಿಲಿಗೆ ಎಸೆದ. "ಗುಂಡಿಗೆ ಬೀಳಿಸ್ಬೇಡ. ಅಣ್ಣ ನನ್ನ ಜೀವಂತ ಬಿಡಲ್ಲ."

ಸೀಟು ಮುಂದಕ್ಕೆಳೆದು ಕೂತೆ. ಮರದ ಸ್ಟೇರಿಂಗ್, ತೆಳ್ಳಗೆ, ಬಿಸಿಲಿಗೆ ಬೆಚ್ಚಗಾಗಿತ್ತು. ಮೊದಲ ಗೇರಿನಲ್ಲೇ ಕಾರು ಹಗ್ಗ ಕಿತ್ತ ಕರುವಿನ ಹಾಗೆ ನೆಗೆಯಿತು. ಚಿಕ್ಕಪ್ಪ ಬಾಗಿಲು ಹಿಡಿದುಕೊಂಡ. ಹುಣಸೆಮರಗಳ ಸಾಲಿಗೆ ಬಂದು ವೇಗ ಏರಿಸಿದೆ. ಆಗ ತಿಳಿಯಿತು. ಚಕ್ರವನ್ನು ಕೊಂಚ ಎಡಕ್ಕೆ ತಂದರೆ ಏನೂ ಇಲ್ಲ. ಇನ್ನೂ ಕೊಂಚ, ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕಾರು ಹೊರಳುತ್ತಿತ್ತು. ನೀರಿನೊಳಗೆ ಕೈಯಾಡಿಸಿ ತಳ ಹುಡುಕಿದ ಹಾಗೆ, ಹಿಡಿಯಲು ಏನೂ ಸಿಗುತ್ತಿರಲಿಲ್ಲ.

"ಚಿಕ್ಕಪ್ಪ, ನಂಗೂ! ನಂಗೂ ತೇಲ್ತಾ ಇದೆ!" ಎಂದು ಕಿರುಚಿದೆ. ಅಪಾಯದಲ್ಲಿರುವವಳು ಅಷ್ಟು ಖುಷಿಯಿಂದ ಕಿರುಚಿದ್ದು ಆ ರಸ್ತೆಯಲ್ಲಿ ಅದೇ ಮೊದಲಿರಬೇಕು.

ಅವನು ನಿಲ್ಲಿಸು ಎಂದ. ನಿಲ್ಲಿಸಿದೆ. ಕರಿಕೋಟು ಹಾಕಿಕೊಂಡವನ ಹಾಗೆ ಪಾಟಿಸವಾಲು ಶುರುಮಾಡಿದ.

"ಈ ಗಾಡಿ ಇದಕ್ ಮುಂಚೆ ಓಡಿಸಿದ್ಯಾ?"

"ಇಲ್ಲ."

"ಮತ್ತೆ ಸರಿ ಇದ್ದಾಗ ಹೆಂಗಿರುತ್ತೆ ಅಂತ ನಿಂಗೆ ಹೆಂಗ್ ಗೊತ್ತು?"

"ಗೊತ್ತಿಲ್ಲ, ಆದ್ರೆ..."

"ತೇಲುತ್ತೆ ಅಂತ ಮೊದ್ಲೇ ಹೇಳಿದ್ದು ಯಾರು?"

"ನೀನು."

"ಅಲ್ಲಿಗಾಯ್ತು. ಹೇಳಿಕೊಟ್ಟ ಸಾಕ್ಷಿ. ಯಾವ ಜಡ್ಜೂ ಒಪ್ಪಲ್ಲ ಕಣೇ."

ಕೋಪ ನೆತ್ತಿಗೇರಿತು. ಆದರೆ ಅವನ ಮಾತಿನಲ್ಲಿ ನ್ಯಾಯವಿತ್ತು. ಇಂದಿಗೂ ಯಾರಾದರೂ ಏನಾದರೂ ನೆನಪು ಹೇಳಿದರೆ, ಇದು ಇವರು ಕಂಡದ್ದೋ, ಯಾರೋ ಹೇಳಿಕೊಟ್ಟದ್ದೋ ಎಂದು ನಾನು ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ. ಆ ರೋಗ ಅಂಟಿಕೊಂಡದ್ದು ಅಲ್ಲಿಯೇ.

ಶನಿವಾರ ಬೆಳಗ್ಗೆ ಇನ್ನೊಂದು ಉಪಾಯ ಹೊಳೆಯಿತು. ನಾನೇ ಗುಬ್ಬಿಯವರೆಗೆ ಓಡಿಸಿದೆ. ನಾನು ಹೇಳಿದ ಮಾತನ್ನು ಕಾರು ಆ ಕ್ಷಣವೇ ಕೇಳುತ್ತಿತ್ತು. ಬೆರಳಿನಲ್ಲಿ ರಸ್ತೆಯ ಒಂದೊಂದು ಕಲ್ಲೂ ಗೊತ್ತಾಗುತ್ತಿತ್ತು. ಚಿಕ್ಕಪ್ಪ 'ಮಾತಾಡುತ್ತೆ' ಎನ್ನುತ್ತಿದ್ದದ್ದು ಇದಕ್ಕೇ! ಗುಬ್ಬಿಯ ಹೊರವಲಯದಲ್ಲಿ, ತೋಟದ ಕಡೆ ತಿರುಗದೆ, ಅಲ್ಲೇ ಕಾರು ಹಿಂತಿರುಗಿಸಿದೆ.

"ಅವ್ವನ್ನ ನೋಡ್ದೆ ವಾಪಸ್ಸಾ?" ಎಂದ ಚಿಕ್ಕಪ್ಪ.

"ಸುಮ್ನೆ ಕೂತ್ಕೊ."

ಅದೇ ಹುಣಸೆಸಾಲು. ಅದೇ ದಿಕ್ಕು. ಕಾರು ಬಾಣದ ಹಾಗೆ ಹೋಯಿತು. ನಿಲ್ಲಿಸಿ ಅವನಿಗೆ ಕೊಟ್ಟೆ. ಅವನು ಓಡಿಸಿದ. ಅವನಿಗೂ ಬಾಣ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ರಸ್ತೆಯಲ್ಲ, ಗಾಳಿಯಲ್ಲ, ಕೈಯಲ್ಲ.

"ಅಜ್ಜಿ ಮನೇಗೆ ಹೋದ್ರೆ ಮಾತ್ರ ಕೆಡುತ್ತೆ" ಎಂದೆ.

"ನಮ್ಮವ್ವ ಕಣ್ ಹಾಕ್ತಾಳೆ ಅಂತೀಯಾ?"

ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ಮತ್ತೆ ಗುಬ್ಬಿಗೆ ತಿರುಗಿಸಿದೆವು.

ತೋಟದ ಮನೆಯ ಜಗಲಿಯಲ್ಲಿ ಅವತ್ತು ನಾನು ಒಳಗೂ ಹೋಗದೆ ಕೂತೆ. ಕಾರಿನಿಂದ ಕಣ್ಣು ತೆಗೆಯಬಾರದು ಎಂದು ಪಣ. ಕೋಳಿಯೊಂದು ಅದರ ನೆರಳಿನಲ್ಲಿ ಮಲಗಿತು, ಎದ್ದು ಹೋಯಿತು. ಊಟವಾಯಿತು. ನಾವು ಹೊರಡುವ ಸುದ್ದಿ ಒಳಗೆ ತಿಳಿದ ಕೂಡಲೇ ಅಜ್ಜಿ ಹೊರಬಂದಳು. ಹಿಂದೆ ಇಬ್ಬರು ಆಳುಗಳು.

ಇಲ್ಲಿ ಒಂದು ವಿಷಯ ಹೇಳಬೇಕು. ಚಿಕ್ಕಪ್ಪ ಈ ಕಾರನ್ನು ಮೊದಲ ಸಲ ತೋಟಕ್ಕೆ ತಂದಾಗ ಅಜ್ಜಿ ಆರತಿ ಎತ್ತಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ಇದು ಮನೆಗೆ ಬಂದ ಹೆಣ್ಣುಮಗಳು ಎಂದಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಮಡಿಲು ತುಂಬಿ ಕಳಿಸುತ್ತಾರೆ. ಕಾರಿಗೂ ಅಜ್ಜಿ ಹಾಗೆಯೇ ಮಾಡುತ್ತಿದ್ದಳು. ಕಾರಿಗೆ ಸೆರಗಿಲ್ಲ, ಡಿಕ್ಕಿ ಇತ್ತು. ಮೊದಲು ಒಂದು ಕಾಯಿ, ಒಂದು ಹಿಡಿ ಅಕ್ಕಿ. ಮಗ ಜ್ವರದಿಂದ ಎದ್ದ ಮೇಲೆ ಅವನನ್ನು ದುಂಡಗೆ ಮಾಡುವ ಹಟದಿಂದ ಆ ಮಡಿಲು ಬೆಳೆಯುತ್ತಲೇ ಹೋಗಿತ್ತು. ನಮಗೆಲ್ಲ ಅದು ಗೊತ್ತಿತ್ತು. ತುಮಕೂರು ಸೇರಿದ ಕೂಡಲೇ ಅಮ್ಮ ಅದನ್ನೆಲ್ಲ ಇಳಿಸಿಕೊಳ್ಳುತ್ತಿದ್ದದ್ದೂ ಗೊತ್ತಿತ್ತು. ಆದರೆ ಅದು ಮಡಿಲು. ಸಾಬರು ಲೋಡ್ ಇತ್ತೇ ಎಂದು ಕೇಳಿದಾಗ ನಮ್ಮಿಬ್ಬರಲ್ಲಿ ಯಾರಿಗೂ ಅದು ನೆನಪಿಗೆ ಬಂದಿರಲಿಲ್ಲ. ಮಡಿಲನ್ನು ಯಾರಾದರೂ ಲೋಡ್ ಎನ್ನುತ್ತಾರೆಯೇ?

ಆಳುಗಳು ಸಿಪ್ಪೆ ಸುಲಿಯದ ಕಾಯಿ ತುಂಬಿದ ಮೂಟೆಯೊಂದನ್ನು ಎತ್ತಿ ಡಿಕ್ಕಿಗೆ ಇಳಿಸಿದರು. ಅದರ ಮೇಲೆ ರಾಗಿಹಿಟ್ಟಿನ ಚೀಲ. ಬೆಲ್ಲದಚ್ಚುಗಳು. ಸಂದಿಯಲ್ಲಿ ಒಂದು ಕುಂಬಳಕಾಯಿ. ಕಾರಿನ ಹಿಂಭಾಗ ಉಸ್ಸೆಂದು ಕುಸಿಯಿತು. ನಾನು ನೋಡುತ್ತಿದ್ದದ್ದು ಮುಂಭಾಗವನ್ನು. ಆ ಉದ್ದನೆಯ ಮೂಗು ನಿಧಾನವಾಗಿ ಮೇಲೆದ್ದಿತು.

ಬಾವಿಯ ಏತದ ಹಿಂದಿನ ತುದಿ ತುಳಿದರೆ ಮುಂದಿನ ತುದಿ ಏಳುವುದಿಲ್ಲವೇ, ಹಾಗೆ. ಡಿಕ್ಕಿ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಅಲ್ಲಿ ಭಾರ ಬಿದ್ದಷ್ಟೂ ಮುಂದಿನ ಚಕ್ರಗಳು ಹಗುರ. ರಸ್ತೆಯನ್ನು ಒತ್ತಿ ಹಿಡಿಯದ ಚಕ್ರ ಕೈಗೆ ಏನು ಹೇಳೀತು?

"ಚಿಕ್ಕಪ್ಪಾ! ಮೂಗು! ಮೂಗು ನೋಡು!"

ಅವನು ಬರಿಗಾಲಲ್ಲಿ ಓಡಿ ಬಂದ. ಆಳುಗಳಿಗೆ ಇಳಿಸಿ ಎಂದೆ. ಇಳಿಸಿದರು, ಮೂಗು ತಗ್ಗಿತು. ಹಾಕಿ ಎಂದೆ. ಎದ್ದಿತು. ಇನ್ನೊಮ್ಮೆ ಇಳಿಸಿ ಎಂದಾಗ ಅವರಲ್ಲೊಬ್ಬ, "ಏನವ್ವ, ಕಾಯ್ಗೆ ಉಯ್ಯಾಲೆ ಆಡುಸ್ತಿದೀರಾ?" ಎಂದ. ಚಿಕ್ಕಪ್ಪ ನೆಲದ ಮೇಲೆ ಕೂತು ನಗತೊಡಗಿದ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು.

ಅಮ್ಮ ಈ ಭಾಗವನ್ನು ಬೇರೆ ಥರ ಹೇಳುತ್ತಿದ್ದಳು. ಮೂಟೆ ಇಳಿಸಿದಾಗ ಕಾರು ಬಸುರಿ ಹೆತ್ತು ಹಗುರಾದ ಹಾಗೆ ಆಗುತ್ತೆ ಎಂದು ತಾನೇ ಹಿಂದಿನ ದಿನ ಅಂದಿದ್ದೆನೆಂದೂ, ಅದನ್ನು ಕೇಳಿಯೇ ನಮಗೆ ಹೊಳೆಯಿತೆಂದೂ ಅವಳ ವಾದ. ಇರಬಹುದು. ನಾನು ಜಗಲಿಯ ಮೇಲೆ ಕೂತು ಕಾದದ್ದಕ್ಕೆ ಒಂದು ಕಾರಣವಂತೂ ಇದ್ದಿರಬೇಕಲ್ಲ.

ಕಾರಣ ಸಿಕ್ಕಿತು, ಆದರೆ ಅಜ್ಜಿ ಒಪ್ಪಬೇಕಲ್ಲ.

"ಬರೀ ಮಡ್ಲಲ್ಲಿ ಕಳುಸ್ತೀನಾ? ಏನ್ಲಾ ಹೇಳ್ತಿದೀಯ ನೀನು?"

"ಅವ್ವ, ಅದು ಕಾರು ಕಣವ್ವ."

"ಕಾರೋ ಗೀರೋ. ನಮ್ಮನೆ ಬಾಗ್ಲಿಂದ ಹೊರಡ್ತದೆ. ಲಾಯ್ರಿ ಆಗ್ಬುಟ್ರೆ ಪದ್ಧತಿ ಬುಡಾಕಾಗ್ತದಾ?"

"ಅಜ್ಜಿ, ಇದರಿಂದ್ಲೇ ಗಾಡಿ ತೇಲಾಡ್ತಾ ಇರೋದು. ರಸ್ತೆಯಿಂದ ಆಚೆ ಬಿದ್ರೆ?" ಎಂದೆ.

ಆ ಮಾತಿಗೆ ಅಜ್ಜಿಯ ಮುಖ ಇಳಿಯಿತು. ಮೂಟೆಯನ್ನೊಮ್ಮೆ ಮಗನನ್ನೊಮ್ಮೆ ನೋಡಿದಳು. "ನಾನೇನ್ ಕೆಟ್ಟದ್ ಮಾಡಾಕ್ ಹಾಕಿದ್ನಾ? ಮೊದ್ಲೇ ಹೇಳಕ್ಕೇನಾಗಿತ್ತು ನಿಮ್ಗೆ?" ಎಂದು ನಮ್ಮನ್ನೇ ಗದರಿಸಿ ಒಳಗೆ ಹೋದಳು. ಬಂದಾಗ ಕೈಯಲ್ಲಿ ಒಂದು ಕಾಯಿ, ಎರಡು ಎಲೆ, ಒಂದು ಹಿಡಿ ಅಕ್ಕಿ. ಅದನ್ನು ನನ್ನ ಸೆರಗಿಗೆ ಹಾಕಿದಳು. "ಅದರದ್ದು ಇದು. ನೀನು ಇಡ್ಕೊಂಡು ಕೂತ್ಕೊ. ಉಳಿದದ್ದು ನಾಳೀಕೆ ಬಸ್ಸಲ್ ಕಳುಸ್ತೀನಿ."

ಹಾಗೆ ಕಾರಿನ ಮಡಿಲನ್ನು ನನ್ನ ಮಡಿಲಲ್ಲಿಟ್ಟುಕೊಂಡು ಎಡಗಡೆ ಸೀಟಿನಲ್ಲಿ ಕೂತೆ. ಚಿಕ್ಕಪ್ಪ ಓಡಿಸಿದ. ಆ ಸಂಜೆಯ ಓಟದ ಮುಂದೆ ಕುಣಿಗಲ್ಲಿನದು ಏನೂ ಅಲ್ಲ. ಹುಣಸೆಮರಗಳು ಒಂದಕ್ಕೊಂದು ಅಂಟಿಕೊಂಡು ಹಸಿರು ಗೋಡೆಯಾದವು. ಕಾಯಿ ನನ್ನ ತೊಡೆಯ ಮೇಲೆ ಉರುಳಾಡುತ್ತಿತ್ತು, ಅಕ್ಕಿಕಾಳು ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತಿದ್ದವು. ಹೆಗ್ಗೆರೆ ಬಂದದ್ದೂ ತಿಳಿಯಲಿಲ್ಲ. "ಸಿಕ್ತಾ ಚಿಕ್ಕಪ್ಪ? ಸಿಕ್ತಾ?" ಎಂದು ನಾನು ಕೂಗುತ್ತಲೇ ಇದ್ದೆ. ಅವನು ತಲೆ ಹಿಂದಕ್ಕೆ ಹಾಕಿ, "ಸಿಕ್ತು ಕಣೇ! ಪೂರ್ತಿ ಸಿಕ್ತು!" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದ.

ಭಾನುವಾರ ಎಂಜಿನಿಯರು ಬಂದ. ಚಿಕ್ಕಪ್ಪ ಅವನನ್ನು ಕೂರಿಸಿಕೊಂಡು ದೇವರಾಯನದುರ್ಗದ ತನಕ ಹೋಗಿಬಂದು, ಮನೆಯಲ್ಲಿ ಕಾಫಿ ಕುಡಿಸಿ, ಗಾಡಿ ಮಾರಾಟಕ್ಕಿಲ್ಲ ಎಂದ. ಪಾಪ, ಅವನು ಕಾಫಿ ಲೋಟ ಹಿಡಿದುಕೊಂಡೇ ಕಾರಿನ ಸುತ್ತ ಇನ್ನೊಂದು ಪ್ರದಕ್ಷಿಣೆ ಹಾಕಿ ಹೋದ. ವಿಷಯ ಕೇಳಿ ಸಾಬರು ಹಣೆ ಚಚ್ಚಿಕೊಂಡರು. "ಲೋಡ್ ಇಲ್ಲ ಅಂದ್ರಲ್ಲ ಸ್ವಾಮಿ! ನಾನು ಗಾಳಿಯನ್ನ ಬೈಕೊಂಡು ಕೂತಿದ್ನಲ್ಲ!"

ಕಾರು ಮನೆಯಲ್ಲಿ ಇನ್ನೂ ಹಲವು ವರ್ಷ ಇತ್ತು. ನಾನು ರಜೆಗೆ ಬಂದಾಗಲೆಲ್ಲ ಚಿಕ್ಕಪ್ಪ ಕೀಲಿಕೈ ನನಗೇ ಕೊಡುತ್ತಿದ್ದ. ಕುಣಿಗಲ್ಲಿಗೆ ನಾನೇ ಓಡಿಸುತ್ತಿದ್ದೆ, ಗುಬ್ಬಿಗೂ ನಾನೇ. ಅವನು ಎಡಗಡೆ ಕೂತು ಕೈಕಟ್ಟಿಕೊಂಡು, "ಏನ್ ಹೇಳ್ತಾ ಇದೆ?" ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ: ಇಲ್ಲಿ ಮರಳು, ಇಲ್ಲಿ ಸಣ್ಣ ಹಳ್ಳ, ಇಲ್ಲಿ ಟಾರು ಮೆತ್ತಗಾಗಿದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ನಾನು ಬೆಂಗಳೂರಿನಲ್ಲಿದ್ದಾಗ ಅವನು ಎಷ್ಟು ಓಡಿಸುತ್ತಿದ್ದನೋ ನನಗೆ ತಿಳಿಯದು. ಆಗ ನನಗೆ ಇಂಥ ಕಾರು ಓಡಿಸಲು ಸಿಕ್ಕಿದ ಸಂಭ್ರಮ. ಅವನು ಪ್ರೀತಿಯಿಂದ ಬಿಟ್ಟುಕೊಡುತ್ತಿದ್ದಾನೆ ಎಂದುಕೊಂಡೆ. ಪ್ರೀತಿ ಇರಲಿಲ್ಲ ಎಂದಲ್ಲ.

ಡಿಕ್ಕಿಯ ಮೂಟೆಯಿಂದ ಸ್ಟೇರಿಂಗ್ ತೇಲಿತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ನಾನು ಕಣ್ಣಾರೆ ಕಂಡೆ, ನನ್ನ ಕೈಯಿಂದ ಅನುಭವಿಸಿದೆ, ಹೇಳಿಕೊಟ್ಟ ಸಾಕ್ಷಿಯಲ್ಲ. ಆದರೆ ಕಾರಿನಲ್ಲಿ ದೋಷ ಇತ್ತು ಎಂದರೆ ಕೈಯಲ್ಲಿ ಇರಲಿಲ್ಲ ಎಂದು ಅರ್ಥವಾಗುವುದಿಲ್ಲ. ಎರಡೂ ಒಟ್ಟಿಗೆ ಇರಬಹುದಿತ್ತು. ಇಷ್ಟು ಸರಳವಾದ ತರ್ಕ ಆನರ್ಸ್ ಓದಿದವಳಿಗೆ ಹೊಳೆಯಲು ಅರ್ಧ ಆಯುಷ್ಯ ಬೇಕಾಯಿತು.

ಹೋದ ಸಂಕ್ರಾಂತಿಗೆ ಎಳ್ಳು ಕೊಡಲು ಹೋದಾಗ ಚಿಕ್ಕಪ್ಪನನ್ನು ಕೇಳಿಯೇಬಿಟ್ಟೆ. ಈಗ ಅವನಿಗೆ ತಲೆಯೆಲ್ಲ ಬೆಳ್ಳಗಾಗಿದೆ, ವಾದದ ಚುರುಕು ಮಾತ್ರ ಹಾಗೇ ಇದೆ. ಕಬ್ಬಿನ ತುಂಡು ಸಿಗಿಯುತ್ತಿದ್ದವನು ನನ್ನ ಕಡೆ ನೋಡಿದ, ನಕ್ಕ, ಮತ್ತೆ ಕಬ್ಬಿನ ಕಡೆ ತಿರುಗಿದ. ಆಮೇಲೆ ಎರಡು ಸಲ ಹೋಗಿಬಂದಿದ್ದೇನೆ, ಅವನೂ ಆ ಮಾತು ಎತ್ತಿಲ್ಲ, ನಾನೂ ಒತ್ತಾಯಿಸಿಲ್ಲ. ಕೇಳಿದ್ದು ಇಷ್ಟೇ:

"ಚಿಕ್ಕಪ್ಪ, ಅವತ್ತು ಗುಬ್ಬಿಯಿಂದ ಖಾಲಿ ಡಿಕ್ಕಿಯಲ್ಲಿ ಬಂದ್ವಲ್ಲ, ಆಗ ನಿಜವಾಗ್ಲೂ ನಿನ್ನ ಬೆರಳಿಗೆ ಸಿಕ್ತಾ, ಇಲ್ಲ ನಾನು ಅಷ್ಟು ಖುಷಿಯಾಗಿ ಕೂಗ್ತಿದೀನಿ ಅಂತ ಸಿಕ್ತು ಅಂದ್ಯಾ?"